ಅತ್ತೆಯ ಟರ್ಬೊ ಮತ್ತು ಹಲಸಿನ ತಿರುವು

ಜಾತಕವನ್ನು ನಂಬದ ನಾನು ಈಚೆಗೆ ಒಂದು ಜಾತಕವನ್ನು ಕೂತು ಓದಿದೆ, ಮಲಗಿ ಓದಿದೆ, ಕೊನೆಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೂ ಓದಿದೆ. ಅದು ಮನುಷ್ಯರದಲ್ಲ, ಕಾರಿನದು. ಸ್ಪೆಸಿಫಿಕೇಷನ್ ಎಂದು ಅದರ ಹೆಸರು. ಜಾತಕದಲ್ಲಿ ಹನ್ನೆರಡು ಮನೆ, ಇದರಲ್ಲಿ ಮೂರು ಸಿಲಿಂಡರು. ಉಳಿದಂತೆ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಯಾರ ಬಲ ಯಾವ ಘಳಿಗೆಯಲ್ಲಿ ಎಷ್ಟು ಎಂದು ಎರಡರಲ್ಲೂ ಅಂಕಿಗಳಲ್ಲಿ ಬರೆದಿರುತ್ತದೆ. ಎರಡನ್ನೂ ಓದಿದವರು ಅರ್ಥವಾದವರಂತೆ ತಲೆಯಾಡಿಸುತ್ತಾರೆ. ನಾನೂ ಆಡಿಸಿದೆ.

ಇದಕ್ಕೆಲ್ಲ ಕಾರಣ ನನ್ನ ಸೋದರತ್ತೆ. ಆಲೂರು ಕಡೆಯ ಮಗ್ಗೆ ಎಂಬ ಊರಿನಿಂದ ಮೇಲಕ್ಕೆ, ಗುಡ್ಡದ ನೆತ್ತಿಯ ಹತ್ತಿರ ಅವರ ಕಾಫಿ ತೋಟ, ತೋಟದೊಳಗೆ ಮನೆ. ಒಂದು ಗುರುವಾರ ಅಲ್ಲಿಂದ ಫೋನ್ ಬಂತು.

"ಪೂರ್ಣಿ, ನಿಮ್ಮಾವ ಕಾರು ಮಾರ್ತಾವ್ರೆ ಕಣೇ. ಭಾನುವಾರ ಹಾಸನದಿಂದ ಗಿರಾಕಿ ಬತ್ತಾನಂತೆ. ಮಾತಾಡಿ ಮಾತಾಡಿ ಅಷ್ಟೊಂದು ಶೀಲ್ಡ್ ತಂದಿದ್ದೀಯಲ್ಲ, ನಮ್ಮನೇಲೂ ಒಂದ್ಸಲ ಬಂದು ಮಾತಾಡು ಮಾರಾಯ್ತಿ."

ಶೀಲ್ಡುಗಳ ವಿಷಯ ನಿಜ. ಕಾಲೇಜಿನ ದಿನಗಳಲ್ಲಿ ನಾನು ಓದಿದ್ದಕ್ಕಿಂತ ವಾದಿಸಿದ್ದೇ ಹೆಚ್ಚು. ಈಗ ಹಾಸನದ ಕಾಲೇಜೊಂದರಲ್ಲಿ ಅದೇ ವಿದ್ಯೆಯನ್ನು ಮಕ್ಕಳಿಗೆ ದಾಟಿಸುತ್ತಿದ್ದೇನೆ. ಚರ್ಚಾಸ್ಪರ್ಧೆಯ ಮಜವೆಂದರೆ ಅಲ್ಲಿ ಎರಡೇ ಬಾಗಿಲು: ಪರ ಅಥವಾ ವಿರೋಧ. ಯಾವ ಬಾಗಿಲಿನಿಂದ ಹೊಕ್ಕರೂ ಗಂಟೆ ಬಾರಿಸುವುದರೊಳಗೆ ಹೊರಗೆ ಬಂದುಬಿಡಬಹುದು. ಹಾಗಾಗಿ ಅತ್ತೆಗೆ ಧೈರ್ಯವಾಗಿ ಹೇಳಿದೆ, "ಬತ್ತೀನಿ ಬಿಡಿ. ವಿಷಯ ಏನು?" "ವಿಷಯ ಏನಂದ್ರೆ, ಎಂಜಿನ್ ಸರಿ ಇಲ್ಲ ಅಂತಾರೆ ಅವ್ರು." ಸರಿ, ನಾನು ವಿರೋಧ ಪಕ್ಷ.

ಅತ್ತೆಗೆ ಆ ಕಾರು ಏನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಕೊಂಡವರು ಮಾವ. ಆಯುಷ್ಯವೆಲ್ಲ ಡೀಸೆಲ್ ಜೀಪು ಓಡಿಸಿದ ಮನುಷ್ಯ, ಯಾರೋ ಹೊಗಳಿದರೆಂದು ಟರ್ಬೊ ಪೆಟ್ರೋಲ್ ಕಾರು ತಂದರು. ಅದು ಹೈವೇಯಲ್ಲಿ ಹಾರಿತು, ಮಗ್ಗೆಯವರೆಗೆ ಓಡಿತು, ಮನೆಯ ಏರಿನಲ್ಲಿ ಏದುಸಿರು ಬಿಟ್ಟು ನಿಂತಿತು. ಒಂದು ಸಲವಲ್ಲ, ಹಲವು ಸಲ. ಮಾವ ಸಿಟ್ಟಿನಿಂದ ಅದನ್ನು ಶೆಡ್ಡಿಗೆ ತಳ್ಳಿ ಮತ್ತೆ ಜೀಪು ಹತ್ತಿದರು. ಅತ್ತೆ ಆ ಹೊತ್ತಿಗೆ ಸರಿಯಾಗಿ ಐವತ್ತು ದಾಟಿದ ವಯಸ್ಸಿನಲ್ಲಿ ಸಕಲೇಶಪುರದ ಡ್ರೈವಿಂಗ್ ಸ್ಕೂಲಿಗೆ ಸೇರಿ, ಲೈಸೆನ್ಸ್ ತಂದು, ಶೆಡ್ಡಿನ ಬಾಗಿಲು ತೆಗೆದರು.

ಅದಕ್ಕೆ ಮುಂಚೆ ಜೀಪು ಗುಡ್ಡ ಇಳಿದಾಗ ಅತ್ತೆ ಇಳಿಯಬೇಕಿತ್ತು, ಜೀಪು ಹತ್ತುವಾಗ ಹತ್ತಬೇಕಿತ್ತು. ನಡುವೆ ಗೊಬ್ಬರದ ಅಂಗಡಿಯ ಮುಂದೆಯೋ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನ ಗೇಟಿನಲ್ಲೋ ಸೀಟಿಗೆ ಅಂಟಿಕೊಂಡು ಕೂತಿರಬೇಕಿತ್ತು. ಈಗ ವಾರಕ್ಕೊಮ್ಮೆ ಒಬ್ಬರೇ ಸಕಲೇಶಪುರಕ್ಕೆ ಹೋಗುತ್ತಾರೆ. ಹೋಟೆಲಿನಲ್ಲಿ ಕುರ್ಚಿ ಎಳೆದುಕೊಂಡು ಒಂದು ಖಾಲಿ ದೋಸೆ ತಿನ್ನುತ್ತಾರೆ, ಹೇಮಾವತಿ ಎಷ್ಟು ತುಂಬಿದ್ದಾಳೆ ಎಂದು ನೋಡುತ್ತಾರೆ, ವಾಪಸು ಬರುತ್ತಾರೆ. ಏನು ಕೆಲಸವಿತ್ತು ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕೆಲ್ಸ ಇದ್ರೇನೇ ಹೋಗ್ಬೇಕಾ?" ಎಂದಿದ್ದರು.

ಹೀಗಾಗಿ ಎಂಜಿನ್ನನ್ನು ಓದಲು ಕೂತೆ. ಪೆಟ್ರೋಲ್ ಉರಿಯಲು ಗಾಳಿ ಬೇಕು. ಸಾಧಾರಣ ಎಂಜಿನ್ ತಾನು ಉಸಿರೆಳೆದುಕೊಂಡಷ್ಟು ಗಾಳಿಯಲ್ಲಿ ಸಂಸಾರ ತೂಗಿಸುತ್ತದೆ. ಟರ್ಬೊ ಎಂಜಿನ್ ಹಾಗಲ್ಲ. ಸೈಲೆನ್ಸರಿನ ಕಡೆ ಹೊರಟ ಬಿಸಿ ಹೊಗೆಯನ್ನು ದಾರಿಯಲ್ಲಿ ಅಡ್ಡಗಟ್ಟಿ, ಅದರ ರಭಸದಿಂದ ಒಂದು ಪುಟ್ಟ ಚಕ್ರ ತಿರುಗಿಸಿ, ಆ ಚಕ್ರದ ಜೊತೆಗಾರ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಉರಿ ಹೆಚ್ಚು, ಉರಿ ಹೆಚ್ಚಾದರೆ ಬಲ ಹೆಚ್ಚು. ಆದ್ದರಿಂದ ಒಂದು ಲೀಟರಿನಷ್ಟೂ ಇಲ್ಲದ ಎಂಜಿನ್ ದೊಡ್ಡ ಎಂಜಿನ್ನಿನ ಕೆಲಸ ಮಾಡುತ್ತದೆ. ಅಂದರೆ ಒಲೆಯ ಹೊಗೆಯೇ ಊದುಗೊಳವೆ ಹಿಡಿದುಕೊಂಡು ಒಲೆಯನ್ನು ಊದಿದ ಹಾಗೆ.

ಇಲ್ಲಿ ನನ್ನ ಸಂಶಯಪಿಶಾಚಿ ಎದ್ದು ಕೂತಿತು. ಹೊಗೆ ಬರಬೇಕಾದರೆ ಉರಿ ಬೇಕು, ಉರಿಗೆ ಗಾಳಿ ಬೇಕು, ಗಾಳಿಗೆ ಹೊಗೆ ಬೇಕು. ಹಾಗಾದರೆ ಮೊದಲು ಊದುವವರು ಯಾರು? ಇಂಥ ವಾದವನ್ನು ಎದುರಾಳಿ ಮಂಡಿಸಿದ್ದರೆ ವೇದಿಕೆಯ ಮೇಲೇ ಅವನ ಮಾನ ತೆಗೆಯುತ್ತಿದ್ದೆ. ಎಂಜಿನ್ನಿನ ಮಾನ ತೆಗೆಯಲು ಆಗಲಿಲ್ಲ, ಯಾಕೆಂದರೆ ಅದು ಓಡುತ್ತಿತ್ತು.

ಇಷ್ಟಾದ ಮೇಲೆ ರೋಗಗಳ ಅಧ್ಯಾಯ. ಇಂಟರ್ನೆಟ್ಟಿನಲ್ಲಿ ಟರ್ಬೊ ಕಾರಿನ ಸಮಸ್ಯೆ ಎಂದು ಹುಡುಕುವುದೂ, ತಲೆನೋವಿಗೆ ಕಾರಣವೇನು ಎಂದು ಹುಡುಕುವುದೂ ಒಂದೇ. ಎರಡರಲ್ಲೂ ಐದು ನಿಮಿಷದೊಳಗೆ ಸಾವಿನ ಸುದ್ದಿ ಬರುತ್ತದೆ. ಆಯಿಲ್ ಹಳತಾದರೆ ಟರ್ಬೊದ ಬೇರಿಂಗ್ ಸವೆಯುತ್ತದೆ ಎಂದ ಒಬ್ಬ. ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪು ಸಡಿಲವಾದರೆ ಪಿಕಪ್ ಹೋಗುತ್ತದೆ ಎಂದ ಇನ್ನೊಬ್ಬ. ವಾಲ್ವಿನ ಮೇಲೆ ಮಸಿ ಕಟ್ಟುತ್ತದೆ, ಆದ್ದರಿಂದ ಆಗಾಗ ಜೋರಾಗಿ ಓಡಿಸಿ ಎಂದಳು ಒಬ್ಬಾಕೆ. ಜೋರಾಗಿ ಓಡಿಸಿದರೆ ಬಿಸಿಯಾಗಿ ಸಾಯುತ್ತದೆ, ನಿಧಾನವಾಗಿ ಓಡಿಸಿ ಎಂದ ಮತ್ತೊಬ್ಬ. ಏರು ಹತ್ತಿದ ತಕ್ಷಣ ಎಂಜಿನ್ ಆರಿಸಬೇಡಿ, ಒಂದಿಷ್ಟು ಹೊತ್ತು ಹಾಗೇ ಬಿಡಿ, ಅದಕ್ಕೆ ಸುಧಾರಿಸಿಕೊಳ್ಳಬೇಕು ಎಂದ ಮಗದೊಬ್ಬ. ಇದೊಂದು ಮಾತು ನನಗೆ ಹಿಡಿಸಿತು. ನಮ್ಮ ಕಡೆ ಗುಡ್ಡ ಹತ್ತಿ ಮನೆಗೆ ಬಂದವರಿಗೂ ನಾವು ಅಷ್ಟೇ ತಾನೆ ಮಾಡುವುದು.

ಹಾಸನದ ಸರ್ವೀಸ್ ಸೆಂಟರಿಗೆ ಫೋನ್ ಮಾಡಿದೆ. ಹಿಂದೆ ಮಾವನೇ ಕಾರನ್ನು ಅಲ್ಲಿಗೆ ಒಯ್ದಿದ್ದರು. "ಸ್ಕ್ಯಾನ್ ಮಾಡಿದ್ವಿ ಮೇಡಂ, ಕಂಪ್ಯೂಟರಲ್ಲಿ ಎಲ್ಲಾ ನಾರ್ಮಲ್ ಇದೆ." "ಆದ್ರೆ ಏರಿನಲ್ಲಿ ನಿಲ್ಲುತ್ತಲ್ಲ?" "ನಿಲ್ಲಬಾರ್ದು ಮೇಡಂ." ಇದಕ್ಕಿಂತ ಸರಿಯಾದ, ಇದಕ್ಕಿಂತ ನಿರುಪಯೋಗಿ ಉತ್ತರವನ್ನು ನಾನು ಕೇಳಿಲ್ಲ. ಸಕಲೇಶಪುರದಾಚೆಯ ಆನೇಮಹಲಿನವರೆಗೆ ಹೋಗಿ, ಅಲ್ಲಿ ಲಾರಿಗಳ ನಡುವೆ ಮಲಗಿದ್ದ ಒಬ್ಬ ಮೆಕ್ಯಾನಿಕ್ಕನ್ನೂ ಕೇಳಿದೆ. ಅವನು ಲಾರಿಯ ಕೆಳಗಿನಿಂದ ತಲೆಯನ್ನೂ ಹೊರಗೆ ಹಾಕದೆ, "ಪೈಪೇ ಕಣಕ್ಕ, ಕಣ್ಮುಚ್ಚಿ ಹೇಳ್ತೀನಿ" ಎಂದ. ಕಣ್ಣು ಮುಚ್ಚಿ ಹೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಕಣ್ಣು ತೆರೆದು ಓದಿದ ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಶನಿವಾರ ಸಂಜೆ ಅತ್ತೆಯ ಮನೆಯ ಜಗಲಿಯಲ್ಲಿ ಮೊದಲ ಸುತ್ತು. ಮಾವನ ಕಡೆಯಿಂದ ಪಕ್ಕದ ತೋಟದ ಧರ್ಮಣ್ಣನೂ ಹಾಜರಿದ್ದರು. ಈ ಇಬ್ಬರೂ ಜೀಪಿನ ಕಾಲದಿಂದ ಜೋಡಿ.

"ನೋಡು ಪೂರ್ಣಿ, ಮೂರು ಸಿಲಿಂಡರ್ ಅಂದ್ರೆ ಮೂರು ಕಾಲಿನ ಹಸ ಇದ್ದಂಗೆ," ಎಂದರು ಮಾವ. "ಗದ್ದೇಲಿ ನಿಂತ್ಕತ್ತದೆ. ಗುಡ್ಡ ಹತ್ತು ಅಂದ್ರೆ ಎಲ್ಲಿಂದ ಹತ್ತದು?"

"ಆಟೋಗೆ ಮೂರೇ ಚಕ್ರ ಇರೋದು ಮಾವ, ಅದು ಹತ್ತಲ್ವಾ?"

"ಆಟೋ ನಮ್ಮನೆಗಂಟ ಬರಲ್ಲ ಕಣಮ್ಮ, ಮಗ್ಗೇಲೇ ಇಳ್ಸಿ ಹೋಗ್ಬುಡ್ತಾನೆ," ಎಂದರು ಧರ್ಮಣ್ಣ. ಆ ಅಂಕ ಅವರಿಗೆ ಹೋಯಿತು. ಅದೇ ಹುರುಪಿನಲ್ಲಿ ಅವರು ಗುಡ್ಡದ ಮೇಲೆ ಗಾಳಿ ತೆಳು, ಅದಕ್ಕೇ ಟರ್ಬೊಗೆ ಉಸಿರು ಸಾಲದು ಎಂದರು. ತೆಳು ಗಾಳಿಯನ್ನು ಒತ್ತಿ ತುಂಬುವುದೇ ಟರ್ಬೊದ ಕಸುಬು ಎಂದು ನಾನು ಹೇಳಿದೆ. "ಹಂಗಾದ್ರೆ ಯಾಕೆ ನಿಲ್ತದೆ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ನಾನು ನೀರು ಕುಡಿದೆ.

ಆಮೇಲೆ ಮಾವ ದನಿ ತಗ್ಗಿಸಿ ಒಂದು ಮಾತು ಹೇಳಿದರು. "ನಂಗೇನು ಕಾರಿನ ಮ್ಯಾಲೆ ದ್ವೇಷಾನಾ? ಹಲಸಿನ ತಿರುವಲ್ಲಿ ಅದು ನಿಂತು ಹಿಂದಕ್ಕೆ ಜಾರಿದ್ರೆ ಕೆಳಗೆ ಹಳ್ಳ ಐತೆ. ಒಳಗೆ ಕೂತಿರೋಳು ನಿಮ್ಮತ್ತೆ." ಎದುರಾಳಿಯ ಎದೆಯಲ್ಲಿ ನಿಜವಾದ ಭಯವಿದ್ದರೆ ಏನು ಮಾಡಬೇಕೆಂದು ಯಾವ ತರಬೇತುದಾರರೂ ನನಗೆ ಹೇಳಿಕೊಟ್ಟಿಲ್ಲ.

"ಬಾ, ತೋರಿಸ್ತೀನಿ," ಎಂದು ಮಾವ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಕೆಳಗಿಳಿದು, ತಿರುಗಿಸಿಕೊಂಡು ಮೇಲೆ ಹೊರಟರು. ಹಲಸಿನ ತಿರುವೆಂದರೆ ಒಂದು ಮುದಿ ಹಲಸಿನ ಮರದ ಸುತ್ತ ರಸ್ತೆ ಮೊಣಕೈ ಮಡಿಸಿದಂತೆ ಮಡಿಸಿಕೊಂಡು ಮೇಲೇಳುವ ಜಾಗ. ನಾನು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡುತ್ತಿದ್ದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆಯೇ ಎಂದು ಕನ್ನಡಿ ನೋಡುತ್ತಿದ್ದೆ, ಪೈಪು ಸುಯ್ಗುಡುತ್ತದೆಯೇ ಎಂದು ಕಿವಿ ಕೊಟ್ಟಿದ್ದೆ. ಎಲ್ಲ ಸರಿಯಿತ್ತು. ತಿರುವು ಬಂತು. ಕಾರು ಗಡಗಡ ನಡುಗಿತು, ಒಳಗೆ ಯಾರೋ ಡಬ್ಬ ಬಡಿದಂತೆ ಸದ್ದಾಯಿತು, ನಿಂತೇಬಿಟ್ಟಿತು. ಮಾವ ಹ್ಯಾಂಡ್ ಬ್ರೇಕ್ ಎಳೆದು, ಕೇಸು ಗೆದ್ದ ವಕೀಲರಂತೆ ನನ್ನ ಕಡೆ ತಿರುಗಿದರು. "ನೋಡ್ದಾ? ಉಸ್ರು ಕಟ್ತು. ಈ ತಿರುವ್ನ ನಾನು ಜೀಪಲ್ಲಿ ಒಂದ್ ದಿನಾನೂ ಥರ್ಡ್ ಗೇರಿಂದ ಕೆಳಗೆ ಇಳ್ಸಿಲ್ಲ." ಅಂದು ರಾತ್ರಿ ಊಟಕ್ಕೆ ಕೂತಾಗ ಅತ್ತೆ ನನ್ನ ಮುಖ ನೋಡಿದರು. ನಾನು ಮುದ್ದೆ ನೋಡಿಕೊಂಡೆ.

ಭಾನುವಾರ ಬೆಳಿಗ್ಗೆ, ಗಿರಾಕಿ ಬರುವ ಮೊದಲು ತರಕಾರಿ ತರೋಣವೆಂದು ಅತ್ತೆ ನನ್ನನ್ನು ಕರೆದುಕೊಂಡು ಮಗ್ಗೆಗೆ ಹೊರಟರು. ವಾಪಸು ಬರುವಾಗ ನಾನು ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದಿದ್ದೆ. ಹಲಸಿನ ಮರ ಇನ್ನೂ ದೂರವಿರುವಾಗಲೇ ಅತ್ತೆ ಕ್ಲಚ್ ಒತ್ತಿ, ಗೇರನ್ನು ಸೆಕೆಂಡಿಗೆ ಇಳಿಸಿದರು. ಎಂಜಿನ್ನಿನ ದನಿ ಏರಿತು. ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಎರಡು ಸಾವಿರ ದಾಟಿ ಮೇಲೆ ಹೋಯಿತು. ಎಲ್ಲೋ ಸಣ್ಣಗೆ ಒಂದು ಸಿಳ್ಳೆ. ಕಾರು ತಿರುವನ್ನು ತಿರುವೇ ಅಲ್ಲವೆಂಬಂತೆ ಹತ್ತಿಬಿಟ್ಟಿತು. ಅತ್ತೆ ಅಷ್ಟು ಹೊತ್ತೂ ಹೀರೇಕಾಯಿ ಬಲಿತಿದೆಯೋ ಏನೋ ಎಂಬ ಚಿಂತೆಯಲ್ಲಿದ್ದರು.

ನನಗೆ ಆಗ ಹೊಳೆಯಿತು. ಮೊದಲು ಊದುವವರು ಯಾರೆಂದರೆ ಎಂಜಿನ್ನೇ. ಅದು ಒಂದು ವೇಗದಲ್ಲಿ ತಿರುಗುವವರೆಗೆ ಹೊಗೆಗೆ ರಭಸವಿಲ್ಲ, ಹೊಗೆಗೆ ರಭಸ ಬರುವವರೆಗೆ ಟರ್ಬೊ ಮಲಗಿರುತ್ತದೆ, ಟರ್ಬೊ ಮಲಗಿದ್ದರೆ ಅದು ಬರೀ ಒಂದು ಪುಟ್ಟ ಎಂಜಿನ್. ಮಾವ ಅದನ್ನು ಜೀಪಿನಂತೆ ಮೇಲಿನ ಗೇರಿನಲ್ಲಿ ಮೆಲ್ಲಗೆ ತಳ್ಳುತ್ತಿದ್ದರು. ಅದು ನಿದ್ದೆಯಲ್ಲೇ ಗುಡ್ಡ ಹತ್ತಲು ಹೋಗಿ ಮುಗ್ಗರಿಸುತ್ತಿತ್ತು. ಅತ್ತೆ ಗೇರ್ ಇಳಿಸಿದಾಗ ಎಂಜಿನ್ ಬೇಗ ಬೇಗ ತಿರುಗಿ ಟರ್ಬೊವನ್ನು ಎಬ್ಬಿಸುತ್ತಿತ್ತು, ಆ ಸಿಳ್ಳೆ ಅದರದೇ.

ಇಲ್ಲಿ ನಮ್ಮ ಕಡೆಯ ಗಂಡಸರ ಒಂದು ರಿವಾಜು ಹೇಳಬೇಕು. ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ ಇನ್ನೊಬ್ಬರ ಯೋಗ್ಯತೆಯನ್ನು ಅಳೆಯಲು ಅವರ ತೋಟ, ಮನೆ ಯಾವುದನ್ನೂ ನೋಡುವುದಿಲ್ಲ. ಯಾವ ಏರನ್ನು ಯಾವ ಗೇರಿನಲ್ಲಿ ಹತ್ತಿದ ಎಂದು ಕಿವಿಗೊಟ್ಟು ಕೇಳುತ್ತಾರೆ. ಜಗಲಿಯಲ್ಲಿ ಕೂತವರು ಕಾಣದ ರಸ್ತೆಯ ಸದ್ದಿನಿಂದಲೇ, "ಅವನಾ? ಸೆಕೆಂಡಿಗೆ ಇಳ್ಸ್‌ಬುಟ್ಟ ಕಣೋ" ಎಂದು ನಗುತ್ತಾರೆ. ಮದುವೆಮನೆಯ ಊಟದ ಸಾಲಿನಲ್ಲಿ ಆ ಮಾತು ಮೂರು ಎಲೆ ದಾಟುವುದರೊಳಗೆ ಮನುಷ್ಯ ಮುಗಿದ ಹಾಗೆ. ಡೀಸೆಲ್ ಜೀಪಿಗೆ ಎಂಜಿನ್ ಮೆಲ್ಲಗೆ ತಿರುಗುವಾಗಲೂ ಎಳೆಯುವ ಶಕ್ತಿಯಿತ್ತು, ಈ ಮರ್ಯಾದೆ ಅದರಲ್ಲಿ ನಡೆಯಿತು. ಅತ್ತೆಗೆ ರಸ್ತೆಯ ಮೇಲೆ ಕಳೆದುಕೊಳ್ಳಲು ಅಂಥ ಮರ್ಯಾದೆ ಯಾವುದೂ ಇರಲಿಲ್ಲ. ಡ್ರೈವಿಂಗ್ ಸ್ಕೂಲಿನವನು ಏರಿಗೆ ಗೇರ್ ಇಳಿಸಿ ಎಂದಿದ್ದ, ಇಳಿಸುತ್ತಿದ್ದರು.

"ಅತ್ತೆ, ಗೆದ್ವಿ!" ಎಂದು ಕೂಗಿದೆ. "ಕಾರಿಗೆ ಏನೂ ಆಗಿಲ್ಲ. ಮಾವಂಗೆ ಈಗ್ಲೇ ಹೇಳ್ತೀನಿ. ಸೆಕೆಂಡ್ ಗೇರ್ ಹಾಕ್ಲಿ, ಅಷ್ಟೇ."

ಅತ್ತೆ ಕಾರನ್ನು ಸಿಲ್ವರ್ ಓಕ್ ಮರಗಳ ಪಕ್ಕ ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ.

"ನಂಗೊತ್ತು ಕಣೇ. ನನ್ನ ಕೈಲಿ ಒಂದ್ ದಿನಾನೂ ನಿಂತಿಲ್ಲ."

"ಗೊತ್ತಾ? ಮತ್ತೆ ಹೇಳ್ಬಾರ್ದಾ?"

"ಹೇಳಿದ್ರೆ ಏನಾಯ್ತದೆ? ಕಾರು ಚೆನ್ನಾಗೈತೆ ಅಂತ ಗೊತ್ತಾದ್ ದಿನಾನೇ ಕೀಲಿ ಅವರ ಜೇಬಿಗೆ ಹೋಯ್ತದೆ. ನಾನು ಮತ್ತೆ ಎಡಗಡೆ ಸೀಟಿಗೆ."

"ಮಾವ ಸೆಕೆಂಡಿಗೆ ಇಳಿಸೋದುಂಟಾ? ಸತ್ರೂ ಇಳಿಸಲ್ಲ."

"ಯಾರೂ ಇಲ್ದಾಗ ಇಳಿಸ್ತಾರೆ," ಎಂದರು ಅತ್ತೆ. "ಇಷ್ಟು ವರ್ಷ ಸಂಸಾರ ಮಾಡಿಲ್ವಾ ನಾನು? ಕೇಳು ಇಲ್ಲಿ. ಸರಿ ಐತೆ ಅಂತ ಗೆದ್ರೆ ಕಾರು ಅವರ್ದು. ಕೆಟ್ಟೋಗೈತೆ ಅಂತ ಸೋತ್ರೆ ಗಿರಾಕೀದು. ನನ್ನ ಹತ್ರ ಉಳೀಬೇಕು ಅಂದ್ರೆ ಏನ್ ಮಾತಾಡ್ಬೇಕೋ ಅದನ್ನ ಮಾತಾಡು. ಅದಕ್ಕೇ ನಿನ್ನ ಕರ್ಸಿದ್ದು."

ಪರ ಅಲ್ಲ, ವಿರೋಧ ಅಲ್ಲ. ಗೆಲ್ಲಬಾರದು, ಸೋಲಲೂಬಾರದು. ಇಂಥ ಸ್ಪರ್ಧೆಗೆ ಚೀಟಿ ಎತ್ತಿದ್ದು ನನಗೆ ಇದೇ ಮೊದಲು. ಸುಳ್ಳು ಹೇಳುವುದು ನನಗೆ ಒಗ್ಗದು, ಅದು ನೀತಿಗಿಂತ ಹೆಚ್ಚಾಗಿ ಜಂಭ. ಆದರೆ ಮಾವನ ಭಯ ಹುಸಿಯೆಂದು ಈಗ ಗೊತ್ತಾಗಿತ್ತು, ಅದೊಂದು ಸಮಾಧಾನ. ಅತ್ತೆಯ ಕೈಯಲ್ಲಿ ಆ ಕಾರು ಜಾರುವುದಿಲ್ಲ.

ಗಿರಾಕಿ ಬಂದ. ತಂಪು ಕನ್ನಡಕದ ಒಬ್ಬ ಯುವಕ. ಬಾನೆಟ್ ಎತ್ತಿಸಿ ನೋಡಿ, ಜಗಲಿಗೆ ಬಂದು ಕಾಫಿ ಹಿಡಿದು ಕೇಳಿದ, "ಏನ್ ಪ್ರಾಬ್ಲಂ ಇದೆ ಸಾರ್, ನೇರವಾಗಿ ಹೇಳ್ಬಿಡಿ." ಮಾವ ನನ್ನ ಕಡೆ ಕೈ ತೋರಿಸಿದರು. "ಇವ್ಳು ಎಲ್ಲಾ ಓದ್ಕಂಡವ್ಳೆ. ಇವ್ಳೇ ಹೇಳ್ತಾಳೆ."

ಹೇಳಿದೆ. ಒಂದೂ ಸುಳ್ಳಿಲ್ಲ. ಏರಿನಲ್ಲಿ ನಿಂತದ್ದನ್ನು ಕಣ್ಣಾರೆ ಕಂಡೆ ಎಂದೆ, ಏರು ಹತ್ತಿದ್ದನ್ನೂ ಕಂಡೆ ಎಂದೆ. ಕಂಪ್ಯೂಟರ್ ನಾರ್ಮಲ್ ಎನ್ನುತ್ತದೆ, ಆನೇಮಹಲಿನ ಮೆಕ್ಯಾನಿಕ್ ಪೈಪು ಎನ್ನುತ್ತಾನೆ, ಆದರೆ ಅವನು ಕಾರು ನೋಡಿಲ್ಲ. ಮಸಿ ಕಟ್ಟಿರಬಹುದು, ಕಟ್ಟದೆಯೂ ಇರಬಹುದು. ಕಟ್ಟಿದ್ದರೆ ಜೋರಾಗಿ ಓಡಿಸಬೇಕೆಂದು ಕೆಲವರು, ಬೇಡವೆಂದು ಕೆಲವರು. ಬೇರಿಂಗ್ ಸವೆದಿದ್ದರೆ ನೀಲಿ ಹೊಗೆ ಬರುತ್ತದೆ, ಬಂದಿಲ್ಲ. ಬರದಿದ್ದರೆ ಸವೆದಿಲ್ಲವೆಂದು ಹೇಳಲು ಬರುವುದಿಲ್ಲ. ಮಾತಾಡುತ್ತಾ ಹೋದಂತೆ ಗಿರಾಕಿಯ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಧರ್ಮಣ್ಣ ಕಣ್ಣು ಮುಚ್ಚಿದ್ದರು. ನನಗೇ ತಲೆ ತಿರುಗುತ್ತಿತ್ತು.

"ಮೇಡಂ, ಒಂದೇ ಪ್ರಶ್ನೆ," ಎಂದ ಗಿರಾಕಿ. "ಗಾಡಿ ಸರಿ ಇದೆಯಾ, ಇಲ್ವಾ?"

"ಎರಡಕ್ಕೂ ಆಧಾರ ಇದೆ," ಎಂದೆ.

ಅವನು ಕಾಫಿ ಮುಗಿಸಿ, ಫೋನ್ ಮಾಡುತ್ತೇನೆಂದು ಹೋದವನು ಮಾಡಲಿಲ್ಲ. ಅವನು ಅಂಗಳ ದಾಟುತ್ತಲೇ ಮಾವ ನನ್ನ ಕಡೆ ತಿರುಗಿದರು. "ಮೂರು ದಿನ ಓದಿ ಇಷ್ಟೇನಾ ನೀನು ತಿಳ್ಕಂಡಿದ್ದು?" ಎಂದರು. ಹೌದೆಂದೆ. "ಒಂದಂತೂ ನಿಜ ಮಾವ. ಅತ್ತೆ ಕೈಲಿ ಅದು ಒಂದ್ ದಿನಾನೂ ನಿಂತಿಲ್ಲ."

"ಅದ್ಯಾಕೆ ನಿಂತಿಲ್ಲ?"

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಒಳಗಿನಿಂದ, "ನನ್ನ ಕಂಡ್ರೆ ಅದ್ಕೆ ಹೆದ್ರಿಕೆ," ಎಂದರು. ಧರ್ಮಣ್ಣ ಗೊಳ್ಳೆಂದು ನಕ್ಕರು. ಮಾವ ಟವೆಲ್ ಕೊಡವಿಕೊಂಡು ಎದ್ದರು. "ಹಾಳಾಗೋಗ್ಲಿ, ನಂಗ್ಯಾಕೆ ಆ ತಲೆನೋವು. ನೀನೇ ಇಟ್ಕೊಂಡು ಏನಾರ ಮಾಡ್ಕೊ."

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ನನ್ನ ಗೆಲುವೆಂದು ಬರೆದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಸ್ವಲ್ಪ ದಿನಗಳ ಮೇಲೆ ಜೀಪು ರಿಪೇರಿಗೆ ಹೋಗಿತ್ತು, ಮಾವನಿಗೆ ಆಲೂರಿನಲ್ಲಿ ಏನೋ ಕೆಲಸ. ಅತ್ತೆ ಕಾರು ತೆಗೆದರು, ಮಾವ ಎಡಗಡೆ ಕೂತರು, ತೋಟಕ್ಕೆ ಬಂದಿದ್ದ ನಾನು ಹಿಂದೆ. ವಾಪಸು ಬರುವಾಗ ರಸ್ತೆ ಮೇಲೇಳತೊಡಗಿತು. ಅತ್ತೆಯ ಕೈ ಗೇರಿನ ಕಡೆ ಹೋಯಿತು. ಆ ಕ್ಷಣಕ್ಕೆ ಸರಿಯಾಗಿ ಮಾವ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು.

"ಧರ್ಮನ ಮೆಣಸು ಈ ಸಲ ಚೆನ್ನಾಗಿ ಹಿಡ್ದೈತೆ," ಎಂದರು, ಜೋರಾಗಿ. ಎಂಜಿನ್ನಿನ ದನಿ ಏರುತ್ತಿದ್ದಷ್ಟೂ ಹೊತ್ತು ಆ ಬಳ್ಳಿಗಳ ವರ್ಣನೆ ನಡೆಯಿತು. ನಾನು ಬಗ್ಗಿ ನೋಡಿದೆ. ಆ ಕಡೆ ಮೆಣಸಿರಲಿಲ್ಲ, ಬರೀ ಲಂಟಾನ ಪೊದೆ. ಕಾರು ತಿರುವು ದಾಟಿ ಸಮತಟ್ಟಾದ ರಸ್ತೆಗೆ ಬಂದು, ಅತ್ತೆ ಗೇರ್ ಮೇಲೆ ಹಾಕಿದ ಮೇಲೆಯೇ ಮಾವ ಮುಖ ಮುಂದಕ್ಕೆ ತಿರುಗಿಸಿದ್ದು.

ಅಂದಿನಿಂದ ನನಗೆ ತಲೆ ಕೆಟ್ಟಿದೆ. ಮಾವನಿಗೆ ಗೇರಿನ ಗುಟ್ಟು ಗೊತ್ತಿತ್ತೇ? ಗೊತ್ತಿದ್ದರೆ ಯಾವಾಗಿನಿಂದ? ಆ ಭಾನುವಾರವೇ ಗೊತ್ತಿದ್ದು, ಕೀಲಿಯನ್ನು ಅತ್ತೆಯ ಕೈಗೆ ಕೊಡಲು ಅವರಿಗೂ ಒಂದು ನೆಪ ಬೇಕಿತ್ತೇ? ಅಥವಾ ಸೆಕೆಂಡ್ ಗೇರು ಕಣ್ಣಿಗೆ ಬೀಳದಿದ್ದರೆ ಮರ್ಯಾದೆ ಉಳಿಯಿತೆಂಬ ಹಳೆಯ ಲೆಕ್ಕವೇ? ಅತ್ತೆಯನ್ನು ಕೇಳಿದರೆ, "ಅವರ್ನೇ ಕೇಳು" ಎಂದು ನಗುತ್ತಾರೆ. ಮಾವನನ್ನು ಕೇಳಲು ನನ್ನ ಬಳಿ ಐದು ಪ್ರಶ್ನೆಗಳು ಸಾಲಾಗಿ ಸಿದ್ಧವಿವೆ. ತಪ್ಪಿಸಿಕೊಳ್ಳಲು ಸಂದಿಲ್ಲದಂತೆ ಹೆಣೆದ ಪ್ರಶ್ನೆಗಳು. ಕೇಳಿದರೆ ಉತ್ತರ ಸಿಗುತ್ತದೆ, ಗೆಲ್ಲುವುದೂ ನಾನೇ. ಆದರೆ ಗೆದ್ದ ಮೇಲೆ ಆ ಇಬ್ಬರೂ ಒಂದೇ ಕಾರಿನಲ್ಲಿ, ಒಬ್ಬರು ರಸ್ತೆ ನೋಡುತ್ತಾ ಇನ್ನೊಬ್ಬರು ಇಲ್ಲದ ಮೆಣಸು ನೋಡುತ್ತಾ, ಹೀಗೆ ಹಾಯಾಗಿ ಗುಡ್ಡ ಹತ್ತುವುದು ಸಾಧ್ಯವೇ ಎಂಬುದು ಮಾತ್ರ ನನಗೆ ತಿಳಿಯುತ್ತಿಲ್ಲ.